ಸರ್ಕಾರಕ್ಕೆ ಇ-ಮೇಲ್, ಸರ್ಕಾರದಿಂದ ಎಸ್‌ಎಂಎಸ್: ಯಾವುದಕ್ಕೆ ಬೆಲೆ, ಯಾವುದಕ್ಕೆ ಇಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಕೀಲನಲ್ಲ. ನಮ್ಮ ಬೀದಿಯವರ, ನೆಂಟರಿಷ್ಟರ ಆನ್‌ಲೈನ್ ಅರ್ಜಿಗಳನ್ನು ತುಂಬಿಕೊಟ್ಟು, ಅರ್ಜಿ ವಾಪಸ್ ಬಂದಾಗ ಬೈಸಿಕೊಂಡು ಕಲಿತವನು. ಜನ ನನ್ನನ್ನು ತಿರುಗಿಸಿ ಮುರುಗಿಸಿ ಕೇಳುವುದು ಇವೇ ಪ್ರಶ್ನೆಗಳನ್ನು. ಕೋರ್ಟಿನ ತನಕ ಹೋಗುವ ವಿಷಯವಾದರೆ ದಯವಿಟ್ಟು ವಕೀಲರನ್ನೇ ಕೇಳಿ.

ತಹಶೀಲ್ದಾರರಿಗೆ ವಾಟ್ಸಾಪ್ ಮಾಡಿದ್ದೇನೆ. ನೀಲಿ ಟಿಕ್ ಕೂಡ ಬಂದಿದೆ. ಅರ್ಜಿ ಕೊಟ್ಟ ಹಾಗೆ ಆಯ್ತಲ್ವಾ?

ಇಲ್ಲ. ಸಾಹೇಬರು ಓದಿದರು ಅಂತ ಆಯ್ತು, ಅಷ್ಟೇ. ಕಚೇರಿಯಲ್ಲಿ ಕಾಗದ ಟಪಾಲು ವಿಭಾಗಕ್ಕೆ ಹೋಗಿ, ಅದಕ್ಕೊಂದು ನಂಬರ್ ಬಿದ್ದು, ವಿಷಯ ನಿರ್ವಾಹಕರ ಮೇಜಿಗೆ ಬಂದ ಮೇಲೆ ಅದು ಅರ್ಜಿ. ನಿಮ್ಮ ವಾಟ್ಸಾಪ್ ಸಂದೇಶಕ್ಕೆ ಆ ನಂಬರ್ ಇಲ್ಲ. ಆ ಸಾಹೇಬರಿಗೆ ವರ್ಗಾವಣೆ ಆದರೆ ನಿಮ್ಮ ಸಂದೇಶವೂ ಅವರ ಫೋನಿನ ಜೊತೆಗೇ ಹೋಯಿತು. ರಸ್ತೆ ಗುಂಡಿ, ಬೀದಿ ದೀಪದಂಥ ದೂರಿಗೆ ವಾಟ್ಸಾಪ್ ಪರವಾಗಿಲ್ಲ, ಕೆಲಸ ಆಗಲೂಬಹುದು. ಖಾತೆ ಬದಲಾವಣೆ, ಪಿಂಚಣಿ, ಮೇಲ್ಮನವಿ, ಅಂದರೆ ಗಡುವು ಮತ್ತು ಹಕ್ಕು ಎರಡೂ ಇರುವ ಕಡೆ, ಅದನ್ನು ನಂಬಿ ಕೂರಬೇಡಿ.

ಆದರೆ ಐಟಿ ಕಾಯ್ದೆ ಪ್ರಕಾರ ಇ-ಮೇಲ್ ಕಾಗದಕ್ಕೆ ಸಮ ಅಂತಾರಲ್ಲ?

ಅರ್ಧ ಸರಿ. ಉಳಿದ ಅರ್ಧವನ್ನು ಯಾರೂ ಹೇಳುವುದಿಲ್ಲ.

ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ ಅಕ್ಟೋಬರ್ 17ರಿಂದ ಜಾರಿಯಲ್ಲಿದೆ. ಯಾವುದೋ ಕಾನೂನು 'ಬರಹದಲ್ಲಿ ಇರಬೇಕು' ಎಂದರೆ ಎಲೆಕ್ಟ್ರಾನಿಕ್ ದಾಖಲೆಯೂ ಸಾಕು ಅನ್ನುತ್ತದೆ ಅದರ ಕಲಂ 4. ಸಹಿಗೂ ಅದೇ ಮಾತು, ಅದು ಕಲಂ 5. ಸರ್ಕಾರಿ ಕಚೇರಿಗಳು ಅರ್ಜಿ ಪಡೆಯುವುದು, ಪರವಾನಗಿ ಕೊಡುವುದು, ಹಣ ಕಟ್ಟಿಸಿಕೊಳ್ಳುವುದು ಎಲ್ಲವನ್ನೂ ಆನ್‌ಲೈನ್ ಮಾಡಬಹುದು ಅನ್ನುತ್ತದೆ ಕಲಂ 6. ಇಲ್ಲಿಯವರೆಗೆ ಓದಿದವರು ಖುಷಿಯಾಗಿ ಪುಸ್ತಕ ಮುಚ್ಚುತ್ತಾರೆ.

ಇನ್ನು ಮೂರು ಕಲಂ ಮುಂದೆ ಹೋಗಿ. ನಮ್ಮ ದಾಖಲೆಯನ್ನು ಎಲೆಕ್ಟ್ರಾನಿಕ್ ರೂಪದಲ್ಲೇ ತಗೊಳ್ಳಿ ಎಂದು ಯಾವ ಇಲಾಖೆಯನ್ನೂ ಒತ್ತಾಯಿಸುವ ಹಕ್ಕು ಈ ಕಾಯ್ದೆಯಿಂದ ಯಾರಿಗೂ ಬರುವುದಿಲ್ಲ ಅನ್ನುತ್ತದೆ ಕಲಂ 9. ಅಂದರೆ ಬಾಗಿಲು ಮಾಡಿಟ್ಟಿದ್ದಾರೆ, ಚಿಲಕ ಮಾತ್ರ ಒಳಗಡೆ ಇದೆ. ಇಲಾಖೆ ತನ್ನ ನಿಯಮದಲ್ಲಿ 'ಈ ಪೋರ್ಟಲ್‌ನಲ್ಲಿ ಸಲ್ಲಿಸಿ' ಎಂದೋ 'ಈ ಇ-ಮೇಲ್‌ಗೆ ಕಳಿಸಿ' ಎಂದೋ ಹೇಳಿದ್ದರೆ ಮಾತ್ರ ನಿಮಗೆ ಹಿಡಿತ. ಅದಕ್ಕೇ ನಾನು ಮೊದಲು ಕೇಳುವುದು: ಈ ಸೇವೆಯ ನಿಯಮ ಏನು ಹೇಳುತ್ತದೆ?

ಸರ್ಕಾರ ಹೇಗೆ ನಡೆದುಕೊಳ್ಳಬೇಕು ಎಂದು ಹೇಳುವ ಒಂದೇ ಕಾಯ್ದೆ ನಮ್ಮಲ್ಲಿ ಇಲ್ವಾ?

ಇಲ್ಲ. ಅಮೆರಿಕದಲ್ಲಿ 1946ರಿಂದ, ಜರ್ಮನಿಯಲ್ಲಿ 1976ರಿಂದ ಆಡಳಿತ ಕಾರ್ಯವಿಧಾನಕ್ಕೆ ಅಂತಲೇ ಕಾಯ್ದೆ ಇದೆ. ನಮ್ಮಲ್ಲಿ ತೆರಿಗೆಗೊಂದು, ಮೋಟಾರು ವಾಹನಕ್ಕೊಂದು, ಕಂದಾಯಕ್ಕೊಂದು, ಹೀಗೆ ಚೂರು ಚೂರು. ಮಧ್ಯದ ಬಿರುಕುಗಳಿಗೆ ಗಾರೆ ಮೆತ್ತಿರುವುದು ಕೋರ್ಟುಗಳು. ಆ ಗಾರೆಯ ಹೆಸರು ಸಹಜ ನ್ಯಾಯ. ಒಬ್ಬರ ವಿರುದ್ಧ ತೀರ್ಮಾನ ಮಾಡುವ ಮೊದಲು ಅವರಿಗೆ ತಿಳಿಸಬೇಕು, ಅವರ ಮಾತು ಕೇಳಬೇಕು, ಕಾರಣ ಕೊಡಬೇಕು.

1977ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಕಾರಣ ಕೇಳಿದರೆ, 'ಸಾರ್ವಜನಿಕರ ಹಿತದೃಷ್ಟಿಯಿಂದ ಕಾರಣ ಕೊಡುವುದಿಲ್ಲ' ಎಂದಿತು. 1978ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಕಾನೂನಿನಲ್ಲಿ ಒಂದು ವಿಧಾನ ಬರೆದಿಟ್ಟರೆ ಸಾಲದು, ಆ ವಿಧಾನ ನ್ಯಾಯವಾಗಿಯೂ ಇರಬೇಕು. ಆಗ ಇ-ಮೇಲ್ ಎಲ್ಲಿತ್ತು? ಆದರೂ ಇವತ್ತು ಪೋರ್ಟಲ್‌ನ ಮೂಲೆಯಲ್ಲಿ ನೋಟಿಸ್ ಹಾಕಿ ಸುಮ್ಮನಾದ ಅಧಿಕಾರಿಯ ವಿರುದ್ಧ ವಕೀಲರು ಎತ್ತುವುದು ಇದೇ ಮಾತನ್ನು.

ಆನ್‌ಲೈನ್ ಅರ್ಜಿ ಹಾಕಿದೆ. ಮುಂದೇನು?

ಸ್ವೀಕೃತಿ ಇಳಿಸಿಕೊಂಡಿರಾ? ಅರ್ಜಿಗಿಂತ ಸ್ವೀಕೃತಿ ಮುಖ್ಯ. ಇದನ್ನು ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿದೆ.

ಕರ್ನಾಟಕದಲ್ಲಿ ಸಕಾಲ ಕಾಯ್ದೆ ಇದೆ. 2011ರ ಕಾಯ್ದೆ ಅದು, 2012ರ ಏಪ್ರಿಲ್ 2ರಿಂದ ಇಡೀ ರಾಜ್ಯದಲ್ಲಿ ನಡೆಯುತ್ತಿದೆ. ಅದರ ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಹಾಕಿದರೆ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಕೊಡಬೇಕು. ಎಷ್ಟು ದಿನದಲ್ಲಿ ಕೆಲಸ ಆಗಬೇಕು ಎಂಬುದು ಸ್ವೀಕೃತಿಯಲ್ಲೇ ಇರುತ್ತದೆ. ನಾಡಕಚೇರಿಯಲ್ಲಿ ಕೊಟ್ಟರೂ, ಗ್ರಾಮ ಒನ್‌ನಲ್ಲಿ ಕೊಟ್ಟರೂ, ಮನೆಯಲ್ಲೇ ಕೂತು ಸೇವಾ ಸಿಂಧುವಿನಲ್ಲಿ ಹಾಕಿದರೂ ಗಡಿಯಾರ ಓಡುವುದು ಆ ಸಂಖ್ಯೆಯ ಮೇಲೆ. ಗಡುವು ದಾಟಿದರೆ ಅಥವಾ ಅರ್ಜಿ ತಿರಸ್ಕಾರವಾದರೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಹಾಕಬಹುದು. ತಡವಾದ ಪ್ರತಿ ದಿನಕ್ಕೆ ₹20, ಒಟ್ಟು ₹500ಕ್ಕೆ ಮೀರದಂತೆ ಪರಿಹಾರ ವೆಚ್ಚ ಸಿಗುತ್ತದೆ.

₹500 ದೊಡ್ಡ ಮೊತ್ತವಲ್ಲ, ಒಪ್ಪಿದೆ. ಆದರೆ ಅದು ತಡಮಾಡಿದ ಅಧಿಕಾರಿಯ ಕಿಸೆಯಿಂದ ಬರಬೇಕಾದದ್ದು. ಅಲ್ಲಿದೆ ಬಿಸಿ.

ಒಂದು ಚಾಳಿ ಗಮನಿಸಿ. ನನ್ನ ಅತ್ತೆಯ ಒಂದು ಅರ್ಜಿ ಗಡುವಿನ ಕೊನೆಯ ದಿನ ಸಂಜೆ 'ದಾಖಲೆ ಸರಿ ಇಲ್ಲ' ಎಂಬ ಎರಡೇ ಮಾತಿನಲ್ಲಿ ತಿರಸ್ಕಾರವಾಯಿತು. ಯಾವ ದಾಖಲೆ? ಗೊತ್ತಿಲ್ಲ. ತಿರಸ್ಕರಿಸಿದ್ದರಿಂದ ಕಚೇರಿಯ ಲೆಕ್ಕದಲ್ಲಿ ಅದು 'ವಿಲೇವಾರಿ'. ಇಂಥ ಕಡೆ ಹೊಸ ಅರ್ಜಿ ಹಾಕಲು ಓಡಬೇಡಿ. ಕಾರಣವನ್ನು ಬರಹದಲ್ಲಿ ಕೊಡಬೇಕಾದದ್ದು ಅವರ ಕರ್ತವ್ಯ. ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ ಕೇಳಿ. ಯಾವ ನಿಯಮ, ಯಾವ ದಾಖಲೆ ಎಂದು ಹಿಂಬರಹದಲ್ಲಿ ಬಂದರೆ ಮೇಲ್ಮನವಿಗೆ ಕಾಲು ಬಂತು. ನಾವು ಹಾಗೇ ಮಾಡಿದೆವು, ಎರಡನೇ ಸುತ್ತಿನಲ್ಲಿ ಕೆಲಸ ಆಯಿತು.

ಕೊನೆಯ ದಿನ ರಾತ್ರಿ 11:58ಕ್ಕೆ ಇ-ಮೇಲ್ ಕಳಿಸಿದೆ. ಲೆಕ್ಕಕ್ಕೆ ಬರುತ್ತಾ?

ಕಳಿಸಿದ ಹೊತ್ತು, ಸಿಕ್ಕಿದ ಹೊತ್ತು ಎರಡಕ್ಕೂ ಐಟಿ ಕಾಯ್ದೆಯ ಕಲಂ 13ರಲ್ಲಿ ಲೆಕ್ಕವಿದೆ. ಸಂದೇಶ ನಿಮ್ಮ ಹಿಡಿತ ದಾಟಿ ಹೊರಗಿನ ಕಂಪ್ಯೂಟರ್ ವ್ಯವಸ್ಥೆಗೆ ಸೇರಿದ ಕ್ಷಣ ಅದು 'ರವಾನೆ'. ಆ ಕಡೆಯವರು 'ಇದೇ ವಿಳಾಸಕ್ಕೆ ಕಳಿಸಿ' ಎಂದು ಗೊತ್ತುಮಾಡಿದ್ದರೆ, ಅಲ್ಲಿಗೆ ಸೇರಿದ ಕ್ಷಣ ಅದು 'ಸಿಕ್ಕಿದ ಹಾಗೆ'. ಅವರು ತೆರೆದು ನೋಡಬೇಕು ಅಂತೇನಿಲ್ಲ. ನೀವು ಅವರ ಬೇರೆ ಯಾವುದೋ ವಿಳಾಸಕ್ಕೆ ಕಳಿಸಿದರೆ ಮಾತ್ರ, ಅವರು ಅದನ್ನು ತೆಗೆದು ನೋಡಿದಾಗಲೇ ಸಿಕ್ಕಿದ ಹಾಗೆ. ಆದ್ದರಿಂದ ನೋಟಿಸಿನಲ್ಲಿ ಕೊಟ್ಟ ವಿಳಾಸಕ್ಕೇ ಕಳಿಸಿ. ಜಾಲತಾಣದಲ್ಲಿ ಹುಡುಕಿ ಸಿಕ್ಕ ಹಳೆಯ ವಿಳಾಸಕ್ಕೆ ಬೇಡ.

ಈ ಕತ್ತಿಗೆ ಎರಡೂ ಕಡೆ ಬಾಯಿ. ನೀವು ಇಲಾಖೆಗೆ ಕೊಟ್ಟ ಇ-ಮೇಲ್‌ಗೆ ನೋಟಿಸ್ ಬಂದು ಸ್ಪ್ಯಾಮ್‌ನಲ್ಲಿ ಬಿದ್ದಿದ್ದರೂ ಅದು ನಿಮಗೆ ಸಿಕ್ಕಿದ ಹಾಗೆಯೇ. 'ನೋಡೇ ಇಲ್ಲ ಸಾರ್' ಎಂಬುದು ಒಳ್ಳೆಯ ಉತ್ತರ ಅಲ್ಲ.

ಕೊನೆಯ ದಿನ ಸರ್ವರ್ ಬಿದ್ದರೆ?

ಕೊನೆಯ ದಿನ ಕಚೇರಿಗೆ ರಜೆ ಇದ್ದರೆ ಮುಂದಿನ ಕೆಲಸದ ದಿನ ಸಲ್ಲಿಸಬಹುದು ಎಂದು 1897ರ ಜನರಲ್ ಕ್ಲಾಸಸ್ ಕಾಯ್ದೆಯ ಕಲಂ 10 ಹೇಳುತ್ತದೆ. ಸರ್ವರ್ ಬಿದ್ದರೆ ಅದನ್ನೂ 'ಕಚೇರಿ ಮುಚ್ಚಿತ್ತು' ಎಂದು ತಿಳಿಯುತ್ತಾರೆ ಎಂದು ನಂಬಿ ಕೂರಬೇಡಿ. ದೋಷ ತೋರಿಸುವ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ, ಗಂಟೆ ಕಾಣುವಂತೆ. ಅದೇ ದಿನ, ಅದೇ ಗಂಟೆಯಲ್ಲಿ ಸಹಾಯವಾಣಿಯ ಇ-ಮೇಲ್‌ಗೆ ಅದನ್ನು ಲಗತ್ತಿಸಿ ಕಳಿಸಿ. ವಿಷಯ ಕೋರ್ಟಿಗೆ ಹೋದರೆ ಸ್ಕ್ರೀನ್‌ಶಾಟಿನ ಬರೀ ಪ್ರಿಂಟ್ ಸಾಲುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರವೂ ಜೊತೆಗಿರಬೇಕು. ಈ ಪ್ರತಿ ಯಾವ ಸಾಧನದಿಂದ, ಹೇಗೆ ಬಂತು ಎಂದು ದೃಢೀಕರಿಸುವ ಕಾಗದ ಅದು. ಹಳೆಯ ಸಾಕ್ಷ್ಯ ಕಾಯ್ದೆಯ '65ಬಿ' ಅಂತ ಹಳಬರು ಹೇಳುತ್ತಾರಲ್ಲ, ಅದರದೇ ಹೊಸ ರೂಪ.

ಜಿಎಸ್‌ಟಿ ನೋಟಿಸ್ ಬಂದಿದ್ದೇ ಗೊತ್ತಾಗಲಿಲ್ಲ. ಈಗ ಬ್ಯಾಂಕ್ ಖಾತೆ ಹಿಡಿದಿದ್ದಾರೆ!

ಸಣ್ಣ ಅಂಗಡಿಯವರಿಂದ ನಾನು ಅತಿ ಜಾಸ್ತಿ ಕೇಳಿರುವ ಗೋಳು ಇದೇ.

ಜಿಎಸ್‌ಟಿ ಕಾಯ್ದೆಯ ಕಲಂ 169 ನೋಟಿಸ್ ತಲುಪಿಸುವ ದಾರಿಗಳ ಪಟ್ಟಿ ಕೊಡುತ್ತದೆ. ಕೈಗೆ ಕೊಡುವುದು, ನೋಂದಾಯಿತ ಅಥವಾ ಸ್ಪೀಡ್ ಪೋಸ್ಟ್, ನೋಂದಣಿಯಲ್ಲಿ ಕೊಟ್ಟ ಇ-ಮೇಲ್, ಪೋರ್ಟಲ್‌ನಲ್ಲಿ ಹಾಕುವುದು, ಪತ್ರಿಕೆಯಲ್ಲಿ ಪ್ರಕಟಿಸುವುದು, ಕೊನೆಗೆ ಬಾಗಿಲಿಗೆ ಅಂಟಿಸುವುದು. ಅಧಿಕಾರಿಗೆ ಸುಲಭವಾದದ್ದು ಪೋರ್ಟಲ್. ಒಂದು ಗುಂಡಿ ಒತ್ತಿದರೆ ಮುಗಿಯಿತು. ಅಂಗಡಿಯವನು ಪೋರ್ಟಲ್ ತೆರೆಯುವುದೇ ಇಲ್ಲ. ನೋಂದಣಿ ಮಾಡಿಸಿದಾಗ ಕೊಟ್ಟ ಇ-ಮೇಲ್, ಮೊಬೈಲ್ ಎರಡೂ ಲೆಕ್ಕ ಬರೆಯುವವರದ್ದು. ಲೆಕ್ಕದವರನ್ನು ಬದಲಾಯಿಸಿ ಎರಡು ವರ್ಷ ಆಗಿರುತ್ತದೆ. ನೋಟಿಸ್ ಹಳಬರ ಇನ್‌ಬಾಕ್ಸಿನಲ್ಲಿ ತಣ್ಣಗೆ ಮಲಗಿರುತ್ತದೆ.

ಪೋರ್ಟಲ್ ತೆರೆದವರಿಗೂ ಒಂದು ಕಾಲದಲ್ಲಿ ಕಾಣುತ್ತಿರಲಿಲ್ಲ. ಕೆಲವು ನೋಟಿಸುಗಳು 'ನೋಟಿಸ್ ಮತ್ತು ಆದೇಶಗಳು' ಎಂಬ ಕಡೆ ಬಾರದೆ, 'ಹೆಚ್ಚುವರಿ ನೋಟಿಸ್ ಮತ್ತು ಆದೇಶಗಳು' ಎಂಬ ಇನ್ನೊಂದು ಮೂಲೆಯಲ್ಲಿ ಬೀಳುತ್ತಿದ್ದವು. ಮದ್ರಾಸ್ ಮತ್ತು ದೆಹಲಿ ಹೈಕೋರ್ಟುಗಳು ಇಂಥ ಪ್ರಕರಣಗಳಲ್ಲಿ ವ್ಯಾಪಾರಿಗಳಿಗೆ ಮತ್ತೆ ಉತ್ತರ ಕೊಡುವ ಅವಕಾಶ ಮಾಡಿಕೊಟ್ಟವು. ಆಮೇಲೆ ಪೋರ್ಟಲ್‌ನ ವಿನ್ಯಾಸವೂ ಬದಲಾಯಿತು. ಹಾಗೆಂದು ಪೋರ್ಟಲ್‌ನಲ್ಲಿ ಹಾಕಿದ್ದು ಲೆಕ್ಕಕ್ಕಿಲ್ಲ ಎಂದುಕೊಳ್ಳಬೇಡಿ. ಕೋರ್ಟುಗಳು ಎಲ್ಲ ಕಡೆ ಒಂದೇ ಥರ ಹೇಳಿಲ್ಲ.

ಈಗ ಮಾಡಬೇಕಾದದ್ದು: ಆದೇಶದ ಪ್ರತಿ ಇಳಿಸಿ, ದಿನಾಂಕ ನೋಡಿ. ಮೇಲ್ಮನವಿಗೆ ಮೂರು ತಿಂಗಳು, ತಡವಾದದ್ದಕ್ಕೆ ಸರಿಯಾದ ಕಾರಣ ಇದ್ದರೆ ಇನ್ನೊಂದು ತಿಂಗಳು. ಅದೂ ದಾಟಿದ್ದರೆ ಹೈಕೋರ್ಟಿನ ರಿಟ್ ದಾರಿ. ಇನ್ನೂ ಏನೂ ಆಗಿಲ್ಲದವರು ಇವತ್ತೇ ಪೋರ್ಟಲ್‌ನಲ್ಲಿ ನಿಮ್ಮ ಸ್ವಂತ ಇ-ಮೇಲ್, ಮೊಬೈಲ್ ಹಾಕಿಕೊಳ್ಳಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್‌ಗಳಿಗೆ ನೋಟಿಸ್ ಬಂದಾಗ ಬೆಂಗಳೂರಿನಲ್ಲಿ ಅಂಗಡಿ ಅಂಗಡಿಗೂ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಎಂಬ ಚೀಟಿ ಬಿತ್ತು. ಚೀಟಿ ಅಂಟಿಸಿದ್ದರಿಂದ ನೋಟಿಸ್ ಹೋಗುವುದಿಲ್ಲ. ಉತ್ತರ ಕೊಟ್ಟರೆ ಹೋಗಬಹುದು.

ಆದಾಯ ತೆರಿಗೆಯಿಂದ ಪತ್ರ ಬಂದಿದೆ. ಅಸಲಿಯೋ ನಕಲಿಯೋ?

ಅದರ ಮೇಲೆ ಡಿಐಎನ್ ಎಂಬ ದಾಖಲೆ ಗುರುತಿನ ಸಂಖ್ಯೆ ಹುಡುಕಿ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ಇದು ಇರಬೇಕು ಎಂದು ನೇರ ತೆರಿಗೆ ಮಂಡಳಿಯೇ ಆದೇಶ ಮಾಡಿದೆ. ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಸಂಖ್ಯೆ ಹಾಕಿದರೆ ಅಸಲಿಯೇ ಅಂತ ಗೊತ್ತಾಗುತ್ತದೆ. ಲಾಗಿನ್ ಕೂಡ ಬೇಕಿಲ್ಲ.

ಪೊಲೀಸರು ವಾಟ್ಸಾಪ್‌ನಲ್ಲಿ ನೋಟಿಸ್ ಕಳಿಸಿದ್ದಾರೆ. ಹೋಗಬೇಕಾ?

ಯಾವ ನೋಟಿಸ್ ಎಂಬುದರ ಮೇಲಿದೆ. 'ವಿಚಾರಣೆಗೆ ಹಾಜರಾಗಿ' ಎಂದು ಆರೋಪಿಗೆ ಕೊಡುವ ನೋಟಿಸ್ ಮೊದಲು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 41ಎ ಆಗಿತ್ತು. 2024ರ ಜುಲೈ 1ರಿಂದ ಅದರ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35. ಇದನ್ನು ವಾಟ್ಸಾಪ್ ಅಥವಾ ಬೇರೆ ಎಲೆಕ್ಟ್ರಾನಿಕ್ ದಾರಿಯಲ್ಲಿ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸತೇಂದರ್ ಕುಮಾರ್ ಅಂಟಿಲ್ ಪ್ರಕರಣದಲ್ಲಿ ಹೇಳಿತು. ಹರಿಯಾಣ ಸರ್ಕಾರ ಇದನ್ನು ಬದಲಿಸಿ ಎಂದು ಕೇಳಿಕೊಂಡರೂ ಒಪ್ಪಲಿಲ್ಲ. ಕಾರಣ ಸರಳ. ಆ ನೋಟಿಸಿಗೆ ಹಾಜರಾಗದಿದ್ದರೆ ಬಂಧಿಸಬಹುದು. ಮನುಷ್ಯನ ಸ್ವಾತಂತ್ರ್ಯ ಹೋಗುವ ವಿಷಯವನ್ನು ಡಬಲ್ ಟಿಕ್ಕಿಗೆ ಬಿಡಲಾಗದು.

ಕೋರ್ಟಿನ ಸಮನ್ಸ್ ಬೇರೆ. ಕೋರ್ಟಿನ ಮೊಹರಿನ ಚಿತ್ರ ಇರುವ ಸಮನ್ಸನ್ನು ಎಲೆಕ್ಟ್ರಾನಿಕ್ ಆಗಿ ಕಳಿಸಲು ಅದೇ ಸಂಹಿತೆಯ ಕಲಂ 64 ಜಾಗ ಕೊಟ್ಟಿದೆ. ವಾಟ್ಸಾಪ್‌ನಲ್ಲಿ ಬಂದದ್ದೆಲ್ಲ ಸುಳ್ಳು ಎಂದು ಅಳಿಸಬೇಡಿ. ಠಾಣೆಗೋ ಕೋರ್ಟಿಗೋ ಹೋಗಿ, ಇಲ್ಲವೇ ವಕೀಲರ ಮೂಲಕ ವಿಚಾರಿಸಿ.

ವಿಡಿಯೋ ಕಾಲ್‌ನಲ್ಲಿ ಖಾಕಿ ತೊಟ್ಟು 'ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ' ಅಂದರೆ ಫೋನ್ ಇಡಿ. ಹಾಗೊಂದು ಬಂಧನ ಯಾವ ಕಾನೂನಿನಲ್ಲೂ ಇಲ್ಲ. ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.

ದೂರನ್ನು ನಾನು ಪೊಲೀಸರಿಗೆ ಇ-ಮೇಲ್ ಮಾಡಬಹುದಾ?

ಮಾಡಬಹುದು. ಆದರೆ ಮೂರು ದಿನದೊಳಗೆ ನೀವು ಸಹಿ ಹಾಕಿದರೆ ಮಾತ್ರ ಅದು ದಾಖಲಾಗುತ್ತದೆ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173.

ಟ್ರಾಫಿಕ್ ಚಲನ್ ಅಂತ ವಾಟ್ಸಾಪ್‌ನಲ್ಲಿ ಫೈಲ್ ಬಂತು. ತೆರೆದುಬಿಟ್ಟೆ!

'ಎಪಿಕೆ' ಎಂದು ಕೊನೆಯಾಗುವ ಫೈಲ್ ಆಗಿದ್ದರೆ ಅದು ಚಲನ್ ಅಲ್ಲ, ಕಳ್ಳ. ಫೋನಿನ ಇಂಟರ್ನೆಟ್ ಆರಿಸಿ, ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ. ಯಾವ ಇಲಾಖೆಯೂ ದಂಡ ಕೇಳಲು ಆ್ಯಪ್ ಫೈಲ್ ಕಳಿಸುವುದಿಲ್ಲ. ದಂಡ ನಿಜವಾಗಿ ಇದೆಯಾ ಎಂದು ನೋಡಲು ವಾಹನ ಸಂಖ್ಯೆ ಹಾಕಿ ಪರಿವಾಹನ್ ಪೋರ್ಟಲ್‌ನಲ್ಲೇ ನೋಡಿ, ಇಲ್ಲವೇ ಕರ್ನಾಟಕ ಒನ್ ಕೇಂದ್ರದಲ್ಲಿ ಕೇಳಿ. ವಿಳಾಸದ ಕೊನೆಯಲ್ಲಿ 'ಜಿಒವಿ ಡಾಟ್ ಇನ್' ಇರಬೇಕು. ಎಸ್‌ಎಂಎಸ್ ಆದರೆ ಕಳಿಸಿದವರ ಹೆಸರಿನ ಕೊನೆಯ ಅಕ್ಷರ ನೋಡಿ. 2025ರಿಂದ ಸರ್ಕಾರಿ ಸಂದೇಶಕ್ಕೆ 'ಜಿ', ಜಾಹೀರಾತಿಗೆ 'ಪಿ', ಸೇವೆಗೆ 'ಎಸ್', ವಹಿವಾಟಿಗೆ 'ಟಿ' ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಗುರುತು ಮಾಡಿಸಿದೆ. ಸಾಮಾನ್ಯ ಹತ್ತು ಅಂಕಿಯ ನಂಬರಿನಿಂದ ಬಂದ 'ಆರ್‌ಟಿಒ' ಸಂದೇಶಕ್ಕೆ ಬೆಲೆ ಕೊಡಬೇಡಿ.

ಆನ್‌ಲೈನ್‌ನಲ್ಲಿ ಬಂದ ಪ್ರಮಾಣಪತ್ರದ ಸಹಿಯ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಇದೆ. ಕಾಲೇಜಿನವರು ತಗೊಳ್ತಾ ಇಲ್ಲ.

ಪಾಪ, ಎಷ್ಟು ಮಕ್ಕಳು ಇದೊಂದು ಚಿಹ್ನೆಗೆ ಅಲೆದಿದ್ದಾರೋ. ಪ್ರಮಾಣಪತ್ರದಲ್ಲಿ ದೋಷ ಇಲ್ಲ. ನಿಮ್ಮ ಕಂಪ್ಯೂಟರಿಗೆ ಆ ಸಹಿಯ ಹಿಂದಿರುವ 'ಸಿಸಿಎ ಇಂಡಿಯಾ' ಎಂಬ ಮೂಲ ಪ್ರಮಾಣಪತ್ರದ ಪರಿಚಯ ಇಲ್ಲ, ಅಷ್ಟೇ. ಕಂಪ್ಯೂಟರಿನಲ್ಲಿ ಅಡೋಬಿ ರೀಡರ್‌ನಿಂದ ತೆರೆದು, ಸಹಿಯ ಮೇಲೆ ಬಲಗುಂಡಿ ಒತ್ತಿ, ಸಹಿಯ ವಿವರದಲ್ಲಿ ಅದನ್ನು ನಂಬಿಕೆಯ ಪಟ್ಟಿಗೆ ಸೇರಿಸಿ ಪರಿಶೀಲಿಸಿದರೆ ಹಸಿರು ಗುರುತು ಬರುತ್ತದೆ. ಮೊಬೈಲಿನಲ್ಲಿ ಒದ್ದಾಡಬೇಡಿ.

ಡಿಜಿಟಲ್ ಸಹಿ ಇರುವುದು ಫೈಲಿನಲ್ಲಿ, ಕಾಗದದಲ್ಲಲ್ಲ. ಪ್ರಿಂಟ್ ತೆಗೆದರೆ ಉಳಿಯುವುದು ಅದರ ಚಿತ್ರ. ಹಸಿರು ಗುರುತಿನ ಪ್ರಿಂಟ್ ಬೇಕು ಎಂದು ಹಟ ಹಿಡಿಯುವ ಗುಮಾಸ್ತರು ನಿಜವಾಗಿ ಮಾಡಬೇಕಾದದ್ದು ಆ ಪ್ರಮಾಣಪತ್ರದ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ ಹಾಕಿ ನೋಡುವುದು. ಇದನ್ನು ಮೆತ್ತಗೆ ಹೇಳಿ. ಜೊತೆಗೆ ಹಸಿರು ಗುರುತಿನ ಪ್ರಿಂಟನ್ನೂ ಕೊಟ್ಟುಬಿಡಿ. ಪ್ರವೇಶ ಮುಖ್ಯ, ವಾದ ಅಲ್ಲ.

ಡಿಜಿಲಾಕರ್ ತೋರಿಸಿದರೆ ಸಾಕಾ?

'ನೀಡಲಾದ ದಾಖಲೆ' ಆಗಿದ್ದರೆ ಸಾಕು. ಇಲಾಖೆಯೇ ಲಾಕರಿಗೆ ಹಾಕಿದ ಚಾಲನಾ ಪರವಾನಗಿ, ಅಂಕಪಟ್ಟಿ ಮೂಲ ದಾಖಲೆಗೆ ಸಮ ಎಂದು 2017ರಲ್ಲಿ ನಿಯಮಕ್ಕೆ ಸೇರಿಸಿದರು. ನೀವೇ ಫೋಟೋ ತೆಗೆದು ಏರಿಸಿದ್ದಕ್ಕೆ ಜೆರಾಕ್ಸಿನಷ್ಟೇ ಬೆಲೆ.

ಮಾಹಿತಿ ಹಕ್ಕು ಅರ್ಜಿಯನ್ನು ಸುಮ್ನೆ ಇ-ಮೇಲ್‌ನಲ್ಲಿ ಕಳಿಸಿದರೆ?

ಕಾಯ್ದೆಯ ಕಲಂ 6 'ಎಲೆಕ್ಟ್ರಾನಿಕ್ ಮೂಲಕವೂ' ಎಂದೇ ಹೇಳುತ್ತದೆ. ಆದರೆ ಶುಲ್ಕವೂ ಜೊತೆಗಿರಬೇಕು ಅನ್ನುತ್ತದೆ. ಇ-ಮೇಲ್‌ಗೆ ಹತ್ತು ರೂಪಾಯಿ ಅಂಟಿಸುವುದು ಹೇಗೆ? ಅದಕ್ಕೇ ಪೋರ್ಟಲ್. ರಾಜ್ಯದ್ದು ಬೇರೆ, ಕೇಂದ್ರದ್ದು ಬೇರೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಉತ್ತರಕ್ಕೆ 30 ದಿನ. ಬರದಿದ್ದರೆ ಮುಂದಿನ 30 ದಿನದಲ್ಲಿ ಮೊದಲ ಮೇಲ್ಮನವಿ, ಆಮೇಲೆ 90 ದಿನದಲ್ಲಿ ಆಯೋಗಕ್ಕೆ ಎರಡನೆಯದು.

ಹೊರದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಈ ಹಕ್ಕು ಭಾರತದ ಪ್ರಜೆಗಳಿಗೆ. ಪಾಸ್‌ಪೋರ್ಟ್ ಭಾರತದ್ದೇ ಇದ್ದರೆ ದುಬೈನಿಂದಲೂ ಹಾಕಬಹುದು. ಪೌರತ್ವ ಬಿಟ್ಟು ಒಸಿಐ ಕಾರ್ಡ್ ಪಡೆದವರಿಗೆ ಇಲ್ಲ.

ಕೇಂದ್ರ ಸರ್ಕಾರದ ಕಚೇರಿಗೆ ಕನ್ನಡದಲ್ಲಿ ಬರೆಯಬಹುದಾ?

ಧಾರಾಳವಾಗಿ. ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿಯೇ ಹೇಳುತ್ತದೆ. ಕಾಸರಗೋಡಿನ ಕನ್ನಡಿಗರೂ ಇದನ್ನು ಉಲ್ಲೇಖಿಸಿ ಬರೆಯಬಹುದು. ಉತ್ತರವೂ ಕನ್ನಡದಲ್ಲೇ ಬರುತ್ತದೆ ಎಂಬ ಭರವಸೆ ಆ ವಿಧಿಯಲ್ಲಿಲ್ಲ, ಅದು ಬೇರೆ ಜಗಳ.

ಒಂದೇ ಎಚ್ಚರಿಕೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ಕಳಿಸಬೇಡಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನಿಮ್ಮ ಇಡೀ ಮನವಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಆಗಿ ಕಾಣುತ್ತದೆ. ನಾನೇ ಒಮ್ಮೆ ಹಾಗೆ ಕಳಿಸಿ, 'ಫೈಲ್ ಕೆಟ್ಟಿದೆ' ಎಂಬ ಉತ್ತರ ಪಡೆದಿದ್ದೇನೆ. ಯೂನಿಕೋಡಿನಲ್ಲಿ ಬರೆಯಿರಿ, ಇಲ್ಲವೇ ಪಿಡಿಎಫ್ ಮಾಡಿ.

ನಮ್ಮಜ್ಜಿಗೆ ಮೊಬೈಲೇ ಇಲ್ಲ. ಎಲ್ಲದಕ್ಕೂ ಒಟಿಪಿ ಕೇಳ್ತಾರೆ. ಏನ್ ಮಾಡೋದು?

2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಕೇಳಿದವರು ಆ್ಯಸಿಡ್ ದಾಳಿಗೆ ತುತ್ತಾದವರು ಮತ್ತು ಕಣ್ಣು ಕಾಣದವರು. ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಎಂದು ಕೇಳುವ ಇ-ಕೆವೈಸಿಯಲ್ಲಿ ಅವರು ಸಿಕ್ಕಿಹಾಕಿಕೊಂಡಿದ್ದರು. ಡಿಜಿಟಲ್ ಸೇವೆ ಎಟುಕುವುದೂ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು ಕೋರ್ಟ್. ಕೌಂಟರಿನಲ್ಲಿ ಇದನ್ನು ಹೇಳಿದರೆ ಒಟಿಪಿ ಬರುವುದಿಲ್ಲ, ನಿಜ. ಆದರೆ 'ಆನ್‌ಲೈನ್ ಬಿಟ್ಟು ಬೇರೆ ದಾರಿಯೇ ಇಲ್ಲ' ಎಂದವರಿಗೆ ಬರೆದು ಕೊಡುವ ಮನವಿಯಲ್ಲಿ ಇದು ಇರಲಿ.

ಸದ್ಯಕ್ಕೆ ಅಜ್ಜಿಯನ್ನು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಮನೆಯಲ್ಲಿ ಜೊತೆಗಿರುವವರ ನಂಬರ್ ಜೋಡಿಸಿ. ಬೆಂಗಳೂರಿನಲ್ಲಿರುವ ಮೊಮ್ಮಗನ ನಂಬರ್ ಬೇಡ. ಅವನು ಮೀಟಿಂಗಿನಲ್ಲಿ ಇರುವಾಗಲೇ ಒಟಿಪಿ ಬರುವುದು. ಅರ್ಜಿಯನ್ನು ಕಚೇರಿಯಲ್ಲಿ ಕಾಗದದಲ್ಲೇ ಕೊಡುವುದಾದರೆ ಎರಡು ಪ್ರತಿ ಒಯ್ಯಿರಿ. ಒಂದು ಅವರಿಗೆ. ಇನ್ನೊಂದರ ಮೇಲೆ ಮೊಹರು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಟಪಾಲಿನವರು 'ನಾಳೆ ಬನ್ನಿ' ಅಂದರೆ ಅಜ್ಜಿಯನ್ನು ಅಲ್ಲೇ ಬೆಂಚಿನ ಮೇಲೆ ಕೂರಿಸಿ ಕಾಯಿರಿ. ಮೊಹರು ಬೀಳುತ್ತದೆ.